ಪ್ಯಾರಮೌಂಟ್ ನೋಡಬಹುದೇ?

ಪ್ರಶ್ನೆ: ಮಗಳ ಮನೆಗೆಂದು ಲಾಸ್ ಏಂಜಲೀಸ್‌ಗೆ ಹೊರಟಿದ್ದೇವೆ. ಹಾಲಿವುಡ್ ಸಿನಿಮಾ ತಯಾರಿಸುವ ಪ್ಯಾರಮೌಂಟ್ ಸ್ಟುಡಿಯೋ ತೋರಿಸುತ್ತಾಳಂತೆ. ಯಜಮಾನರಿಗೆ ಮಂಡಿನೋವು. ಅಂಥದ್ದೇನಿದೆ ಅಲ್ಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಹೋಗಿ ಬನ್ನಿ ತಾಯಿ. ಸುಮಾರು 2 ಗಂಟೆಯ ಸುತ್ತಾಟದಲ್ಲಿ ಬಹುಪಾಲು ಪುಟ್ಟ ಗಾಡಿಯಲ್ಲೇ ಕೂರಿಸಿಕೊಂಡು ಹೋಗುತ್ತಾರೆ. ಸ್ಟುಡಿಯೋದ ಹಳೆಯ ಹೆಬ್ಬಾಗಿಲು ಬ್ರಾನ್ಸನ್ ಗೇಟಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ಅದಿರಲಿ. ನನಗೆ ಹಿಡಿಸಿದ್ದು ಚಿತ್ರೀಕರಣಕ್ಕೆಂದೇ ಹಾಕಿದ ಸೆಟ್ ‘ನ್ಯೂಯಾರ್ಕ್ ಬೀದಿ’. ಎದುರಿಗೆ ಇಟ್ಟಿಗೆಯ ಮಹಡಿಮನೆಗಳ ಸಾಲು, ಹಿಂದೆ ಹೋದರೆ ಮನೆಯೇ ಇಲ್ಲ! ಹಳೆಯದು 1983ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ಕಟ್ಟಿದ್ದು. ಕಾರು ನಿಲ್ಲಿಸುವ ತಗ್ಗಿನ ಹಿಂದೊಂದು ಭಾರೀ ಗೋಡೆ, ಅದರ ತುಂಬ ಬಣ್ಣದ ಆಕಾಶ. ಕಾರು ತೆಗೆದು ನೀರು ಬಿಟ್ಟರೆ ಅದೇ ಸಮುದ್ರ. ಪುಟ್ಟಣ್ಣ ಕಣಗಾಲರಿಗೆ ಚಿತ್ರದುರ್ಗದ ಅಸಲಿ ಕೋಟೆಯೇ ಸಿಕ್ಕಿತ್ತು, ಪಾಪ ಇವರಿಗೆ ಬಣ್ಣವೇ ಗತಿ. ಟಿಕೆಟ್ ಮೊದಲೇ ಕಾದಿರಿಸಿ.