ಪ್ರತಿಕ್ರಿಯೆ: ಫೌಂಟೇನ್ಸ್ ಅಬ್ಬೆ ಚರ್ಚ್‌ಗೆ ಛಾವಣಿ ಯಾಕಿಲ್ಲ

ಇಂಗ್ಲೆಂಡ್‌ನ ಯಾರ್ಕ್‌ಷೈರ್‌ನಲ್ಲಿ ಪಾಳುಬಿದ್ದಿರೋ ಕ್ರೈಸ್ತ ಮಠ ಫೌಂಟೇನ್ಸ್ ಅಬ್ಬೆ, ಅದರ ಚರ್ಚ್‌ಗೆ ಛಾವಣಿ ಯಾಕಿಲ್ಲ ಅಂತ ಕೇಳಿದ್ರಿ. ಯುದ್ಧನೂ ಅಲ್ಲ ಬೆಂಕಿನೂ ಅಲ್ಲ, ಇಂಗ್ಲೆಂಡ್ ರಾಜ 8ನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ್ದೇ ಕಾರಣ. 1132ರಲ್ಲಿ ಯಾರ್ಕ್‌ನಿಂದ ಹೊರಟು ಬಂದ 13 ಸನ್ಯಾಸಿಗಳು ಶುರು ಮಾಡಿದ ಮಠ ಇದು, ಉಣ್ಣೆ ವ್ಯಾಪಾರದಲ್ಲಿ ಭಾರಿ ಶ್ರೀಮಂತ ಆಯ್ತು, 1539ರಲ್ಲಿ ರಾಜನಿಗೆ ಒಪ್ಪಿಸ್ಬೇಕಾಗಿ ಬಂತು, ಆಮೇಲೆ ಛಾವಣಿ ಮೇಲಿದ್ದ ಸೀಸಕ್ಕೆ ಒಳ್ಳೆ ಬೆಲೆ ಇತ್ತಲ್ಲ, ಅದನ್ನ ಕಿತ್ಕೊಂಡ್ರು, ಕೆಳಗಿದ್ದ ಮರ ಉಳೀಲಿಲ್ಲ.

ಪಕ್ಕದ ಉದ್ದ ಹಾಲ್ ಮಾತ್ರ ಹೇಗೆ ಉಳೀತು ಅಂತ ಕೇಳಿದ್ರಲ್ಲ, ನೀವು ಹೇಳ್ತಿರೋದು ಬಹುಶಃ ಸೆಲೇರಿಯಂ, ಅಂದ್ರೆ ಮಠದ ಉಗ್ರಾಣ. ಅದಕ್ಕೆ ಮರ ಅಲ್ಲ, ಕಲ್ಲಿನ ಕಮಾನು. ಸುಮಾರು 90 ಮೀಟರ್ ಉದ್ದ, ಸಾಲು ಕಂಬಗಳಿಂದಲೇ ಕಲ್ಲಿನ ಪಟ್ಟಿಗಳು ಕವಲೊಡೆದು ಮೇಲೆ ಸೇರ್ಕೊಳ್ತವೆ, ನಡುವೆ ನಿಂತು ಆ ತುದಿ ನೋಡಿ, ಅದ್ಭುತವಾಗಿದೆ. ಇಲ್ಲಿ ದಾಸ್ತಾನು ಇಡ್ತಿದ್ರು, ಹೊಲ ಕುರಿ ನೋಡ್ಕೊಳ್ತಿದ್ದ ಲೇ ಬ್ರದರ್ಸ್ (ಮಠದಲ್ಲೇ ಇದ್ದು ದುಡಿಮೆ ಕೆಲಸ ಮಾಡ್ತಿದ್ದ ಸೋದರರು) ಊಟನೂ ಇಲ್ಲೇ.

ಅರ್ಧ ದಿನ ಇದೆ ಅಂದಿದ್ದೀರಿ, ಹಾಗಾದ್ರೆ ಸೆಲೇರಿಯಂನಿಂದಲೇ ಶುರು ಮಾಡಿ, ಆಮೇಲೆ ಚರ್ಚ್ ಒಳಗೆ ಪಶ್ಚಿಮದ ಬಾಗಿಲಿಂದ ಪೂರ್ವಕ್ಕೆ ನಡೀರಿ, ತುದಿಯಲ್ಲಿ ಒಂಬತ್ತು ಬಲಿಪೀಠಗಳ ಚಾಪೆಲ್ (ಪ್ರಾರ್ಥನೆಯ ಜಾಗ) ಸಿಗುತ್ತೆ, ಉತ್ತರಕ್ಕೆ ಅಬಟ್ (ಮಠದ ಮುಖ್ಯಸ್ಥ) ಹ್ಯೂಬಿ ಕಟ್ಟಿಸಿದ ಗೋಪುರ, ಮಠ ಮುಚ್ಚೋಕೆ ಸ್ವಲ್ಪವೇ ವರ್ಷ ಮುಂಚೆ ಎದ್ದಿದ್ದು ಅದು. ವಾಪಸ್ ಬರ್ತಾ ಸ್ಕೆಲ್ ನದಿ ಕಟ್ಟಡದಡಿ ಹರಿಯೋದನ್ನ ಬಿಡ್ಬೇಡಿ. ಕೊನೇಗೆ ಫೌಂಟೇನ್ಸ್ ಹಾಲ್, ಮಠದ ಕಲ್ಲನ್ನೇ ತೆಗೆದು ಕಟ್ಟಿದ ಬಂಗಲೆ. ಅದರ ಒಳಗೆ ಬಿಡೋ ಟೈಮಿಂಗ್ ಬದಲಾಗ್ಬಹುದು, ಹೊರಡೋ ಮುಂಚೆ ಈ ಜಾಗ ನೋಡ್ಕೊಳ್ಳೋ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ವೆಬ್‌ಸೈಟ್‌ನಲ್ಲಿ ನೋಡ್ಕೊಂಡ್ಬಿಡಿ.