28ರ ಹಟ ಯಾಕೆ?

ಓದುಗರೊಬ್ಬರ ಪತ್ರ: "ಹೋದ ಸಲ 29 ದಿನಕ್ಕೆ ಮುಟ್ಟಾಗಿತ್ತು, ಈ ಸಲ 33ಕ್ಕೆ. 28ಕ್ಕಿಂತ ಐದು ದಿನ ತಡ ಅಂತ ಆ್ಯಪ್ ಕೆಂಪು ಬಣ್ಣದಲ್ಲಿ ತೋರಿಸಿತು. ನನ್ನ ಹಾರ್ಮೋನು ಹದಗೆಟ್ಟಿದೆಯೇ?"

ಸಂಪಾದಕರ ಉತ್ತರ: ಈ ಎರಡು ಲೆಕ್ಕ ನೋಡಿದರೆ ಹಾಗೇನೂ ಕಾಣುವುದಿಲ್ಲಮ್ಮ. ಆ್ಯಪ್ ಬೇಡ ಅನ್ನುತ್ತಿಲ್ಲ. ತಾರೀಕು ಬರೆದಿಡಲು ಒಳ್ಳೆಯದೇ, ಡಾಕ್ಟರು ಕೇಳಿದಾಗ ತಡವರಿಸಬೇಕಿಲ್ಲ. ಆದರೆ ಅದಕ್ಕೆ ನಿಮ್ಮ ಅಂಡಾಶಯ ಕಾಣುತ್ತದೆಯೇ? ಹಿಂದಿನ ತಿಂಗಳುಗಳನ್ನು ಕೂಡಿ ಭಾಗಿಸುತ್ತದೆ, ಅಷ್ಟೇ. ವಯಸ್ಕರಲ್ಲಿ 21ರಿಂದ 35 ದಿನ ಸಹಜ. 28 ಅನ್ನುವುದು ಬರೀ ಸರಾಸರಿ, ಅದನ್ನು ನಾವು ಸುಮ್ನೆ ಕಾನೂನು ಮಾಡಿಕೊಂಡಿದ್ದೇವೆ.

ಹೆಚ್ಚುಕಮ್ಮಿ ಆಗುವುದು ಬಹುಪಾಲು ಮುಟ್ಟಿನ ಚಕ್ರದ ಮೊದಲರ್ಧದಲ್ಲಿ. ಮಿದುಳಿನ ಹೈಪೊಥಲಾಮಸ್ ಬಿಟ್ಟುಬಿಟ್ಟು ಒಂದು ಹಾರ್ಮೋನು ಸುರಿಸುತ್ತದೆ. (ಎಡೆಬಿಡದೆ ಸುರಿದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಿವಿಗೇ ಹಾಕಿಕೊಳ್ಳುವುದಿಲ್ಲ!) ಅದರ ಮಾತು ಕೇಳಿ ಪಿಟ್ಯುಟರಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕಳಿಸುತ್ತದೆ. ಅಂಡವಿರುವ ಪುಟ್ಟ ಚೀಲ ಬೆಳೆಯುತ್ತದೆ, ಅದರಿಂದ ಈಸ್ಟ್ರೋಜನ್ ಎಂಬ ಹಾರ್ಮೋನು ಏರುತ್ತದೆ. ಮೊದಮೊದಲು ಪಿಟ್ಯುಟರಿಯನ್ನು ಅದುಮಿಡುವುದೇ ಈ ಈಸ್ಟ್ರೋಜನ್. ಮಟ್ಟ ಜಾಸ್ತಿಯಾಗಿ ಸುಮಾರು ಎರಡು ದಿನ ಹಾಗೇ ನಿಂತಿತೋ, ಅದೇ ಈಸ್ಟ್ರೋಜನ್ ಪಿಟ್ಯುಟರಿಯನ್ನು ಹುರಿದುಂಬಿಸುತ್ತದೆ! ಆಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಉಕ್ಕುತ್ತದೆ. ಉಕ್ಕಲು ಶುರುವಾದ ಸುಮಾರು 36 ಗಂಟೆಗೆ ಅಂಡ ಹೊರಬೀಳುತ್ತದೆ. ಚೀಲ ಬಲಿಯುವವರೆಗೆ ಮೈ ಕಾಯುತ್ತದೆ, ತಾರೀಕು ನೋಡುವುದಿಲ್ಲ. ಜ್ವರ, ಚಿಂತೆ, ಊಟ ಬಿಡುವುದು ಯಾವುದರಿಂದಲೂ ಅದು ಹಿಂದೆ ಬೀಳಬಹುದು.

ಆಮೇಲಿನ ಭಾಗ ಅಷ್ಟು ಎಳೆದಾಡುವುದಿಲ್ಲ. ಖಾಲಿಯಾದ ಚೀಲವೇ ಎರಡು ವಾರದ ಆಸುಪಾಸು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೊಡುತ್ತದೆ. ಗರ್ಭ ನಿಲ್ಲದಿದ್ದರೆ ಅದು ಬತ್ತುತ್ತದೆ, ಮುಟ್ಟಾಗುತ್ತದೆ. ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾವ್ಸ್ ಎಂಬ ವೈದ್ಯರು 1920ರ ದಶಕದಲ್ಲೇ ಅಂಡ ಬಿಡುಗಡೆಯ ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿದ್ದು ಅದಕ್ಕೇ. 1940ರಲ್ಲಿ ಮಾರ್ಕೀ ಎಂಬ ವಿಜ್ಞಾನಿ ಕೋತಿಯ ಗರ್ಭಕೋಶದ ಒಳಪದರದ ಚೂರನ್ನು ಅದರ ಕಣ್ಣೊಳಗೇ ನೆಟ್ಟ ವರದಿ ಬಂತು. ಹಾರ್ಮೋನು ಇಳಿದಾಗ ಸುರುಳಿ ರಕ್ತನಾಳಗಳು ಬಿಗಿದುಕೊಂಡು, ಆಮೇಲೆ ರಕ್ತ ಒಸರುವುದನ್ನು ಆತ ಕಣ್ಣಾರೆ ನೋಡಿದ. ಪಾಪ, ಕೋತಿ!

ಇಷ್ಟೆಲ್ಲ ಗೊತ್ತಿದ್ದೂ ಪಾಠದ ಪುಸ್ತಕದಲ್ಲಿ ಇವತ್ತಿಗೂ ಅದೇ ಚಿತ್ರ: 28 ದಿನ, ಸರಿಯಾಗಿ ನಡುವೆ 14ಕ್ಕೆ ಅಂಡ ಬಿಡುಗಡೆ. ಮುಟ್ಟು ಶುರುವಾದ ಹೊಸದರಲ್ಲಿ 45 ದಿನದವರೆಗೂ ಎಳೆಯಬಹುದು ಅಂತ ಹುಡುಗಿಯರಿಗೆ ಯಾರು ಹೇಳುತ್ತಾರೆ? ಹೆಂಗಸು ಸಿಟ್ಟಾದರೆ ಮಾತ್ರ ಎಲ್ಲರೂ ಹಾರ್ಮೋನು ಪಂಡಿತರೇ. ಸಿಟ್ಟಿಗೆ ಕಾರಣವೇನೆಂದು ಕೇಳುವವರಿಲ್ಲ.

ಮೂರು ತಿಂಗಳು ಮುಟ್ಟೇ ಆಗದಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ ಡಾಕ್ಟರ ಹತ್ತಿರ ಹೋಗಿ. ಗರ್ಭ ನಿಂತಿರಬಹುದು ಅನಿಸಿದರೆ ಮೊದಲು ಪರೀಕ್ಷೆ ಮಾಡಿಸಿ. ನಾಲ್ಕು ದಿನದ ಹೆಚ್ಚುಕಮ್ಮಿಗೆ ನಿದ್ದೆಗೆಡಬೇಡಿ.