ಬೆಳವಣಿಗೆ ಹಾರ್ಮೋನ್ ಹೆಚ್ಚಿಸುವ ಪುಡಿ: ಎರಡು ಸಲ ರಕ್ತ ತೆಗೆದರೆ ಪರೀಕ್ಷೆ ಆದಂತೆಯೇ?

ನಿಮ್ಮ ಪ್ರಶ್ನೆ ಇದು: ಆರ್ಜಿನೀನ್, ಲೈಸೀನ್, ಗ್ಲುಟಮೀನ್ ಎಂಬ ಅಮೈನೋ ಆಮ್ಲಗಳನ್ನು ಬೆರೆಸಿದ ಪುಡಿಯೊಂದನ್ನು 50 ದಾಟಿದವರಿಗೆಂದು ನಿಮ್ಮ ಕಂಪನಿ ತಯಾರಿಸಿದೆ. ಕುಡಿಯುವ ಮುನ್ನ ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು ಬೆಳವಣಿಗೆ ಹಾರ್ಮೋನ್ ಅಳೆದರೆ ಸಾಕೇ?

ಸಾಲದು. ಆ ವಿಧಾನದಲ್ಲಿ ಬರೀ ನೀರು ಕುಡಿಸಿದರೂ ಕೆಲವರಲ್ಲಿ ಹಾರ್ಮೋನ್ ಹಲವು ಪಟ್ಟು ಏರಿದಂತೆ ಕಾಣುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಒಂದೇ ಸಮ ಸುರಿಸುವುದಿಲ್ಲ, ಬಿಟ್ಟು ಬಿಟ್ಟು ಅಲೆಯಾಗಿ ಬಿಡುತ್ತದೆ. ದೊಡ್ಡ ಅಲೆ ಬರುವುದು ರಾತ್ರಿ ಗಾಢ ನಿದ್ರೆ ಹತ್ತಿದ ಮೇಲೆ. ರಕ್ತಕ್ಕೆ ಬಂದದ್ದು 15–20 ನಿಮಿಷಕ್ಕೆ ಅರ್ಧವಾಗುತ್ತದೆ. ಹಗಲು ಹೊತ್ತು, ಅದರಲ್ಲೂ ವಯಸ್ಸಾದವರಲ್ಲಿ, ಮಟ್ಟ ಬಹುಪಾಲು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಸೊನ್ನೆಯ ಹತ್ತಿರದ ಸಂಖ್ಯೆಯನ್ನು ಛೇದದಲ್ಲಿಟ್ಟು ಶೇಕಡಾವಾರು ಲೆಕ್ಕ ಹಾಕಿದರೆ ಏನು ಬೇಕಾದರೂ ಬರುತ್ತದೆ.

ಅಮೆರಿಕದಲ್ಲಿ ಸೆರೋವೈಟಲ್ ಹೆಸರಿನಲ್ಲಿ ಮಾರಾಟವಾಗುವ ಅಮೈನೋ ಆಮ್ಲ ಮಿಶ್ರಣದ ‘ಶೇ. 682 ಏರಿಕೆ’ ಎಂಬ ಮಾತನ್ನೇ ನೋಡಿ. ಅದರ ಹಿಂದಿನ ಪ್ರಯೋಗ ಹುಸಿ ಔಷಧದೊಂದಿಗೆ (ಅಸಲಿಯಂತೆಯೇ ಕಾಣುವ, ಪರಿಣಾಮವಿಲ್ಲದ ವಸ್ತು) ಹೋಲಿಸಿದ್ದು, ಕ್ರಾಸ್‌ಓವರ್ ಮಾದರಿಯದು (ಒಬ್ಬರಿಗೇ ಬೇರೆ ಬೇರೆ ದಿನ ಎರಡನ್ನೂ ಕೊಡುವುದು), ವಿನ್ಯಾಸ ಕೆಟ್ಟದ್ದೇನಲ್ಲ. ಆದರೆ 16 ಮಂದಿ, ಸರಾಸರಿ ವಯಸ್ಸು 32ರ ಸುಮಾರು, 2.9 ಗ್ರಾಂನ ಒಂದೇ ಡೋಸ್. ಎರಡು ಗಂಟೆಯಲ್ಲಿ ಮಟ್ಟ ಮಿಲಿಲೀಟರಿಗೆ 0.17ರಿಂದ 1.33 ನ್ಯಾನೊಗ್ರಾಂಗೆ ಹೋಯಿತು. ಲೆಕ್ಕ ಸರಿಯಾಗಿಯೇ ಇದೆ. ಆದರೆ 1.33 ಎಂಬುದು ಯಾವ ಪುಡಿಯೂ ಇಲ್ಲದೆ ಒಂದು ಸಾಮಾನ್ಯ ಅಲೆಯಲ್ಲೇ ದಾಟಿಹೋಗುವ ಮಟ್ಟ. 60ರ ವ್ಯಕ್ತಿ ಆರು ತಿಂಗಳು ಸೇವಿಸಿದರೆ ಏನಾದೀತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆ ಹತ್ತಿರದ ಉತ್ತರ 1993ರ ಒಂದು ಚಿಕ್ಕ ಅಧ್ಯಯನದಲ್ಲಿದೆ. ವಯಸ್ಸಾದ ಆರೋಗ್ಯವಂತ ಗಂಡಸರಿಗೆ ಆರ್ಜಿನೀನ್ 3 ಗ್ರಾಂ, ಲೈಸೀನ್ 3 ಗ್ರಾಂ, ದಿನಕ್ಕೆ ಎರಡು ಬಾರಿ, 14 ದಿನ ಕೊಟ್ಟರು. ಹಾರ್ಮೋನೂ ಏರಲಿಲ್ಲ, ಅದರ ಪ್ರಭಾವದಿಂದ ದೇಹದಲ್ಲಿ ತಯಾರಾಗುವ ಐಜಿಎಫ್-1 ಎಂಬ ಪ್ರೋಟೀನ್ ಕೂಡ ಏರಲಿಲ್ಲ. ಆಸ್ಪತ್ರೆಗಳಲ್ಲಿ ಪಿಟ್ಯುಟರಿಯನ್ನು ಪರೀಕ್ಷಿಸಲು ಆರ್ಜಿನೀನ್ ಬಳಸುವುದು ನಿಜ. ಆದರೆ ಅಲ್ಲಿ ಕೊಡುವುದು 30 ಗ್ರಾಂವರೆಗೆ, ಅದೂ ನೇರ ರಕ್ತನಾಳಕ್ಕೆ. ಬಾಯಲ್ಲಿ 13 ಗ್ರಾಂ ಕೊಟ್ಟರೇ ಹೊಟ್ಟೆ ಕೆಡುತ್ತದೆ.

ನೀವು ಮುಖ್ಯವಾಗಿ ಅಳೆಯಬೇಕಾದದ್ದು ಐಜಿಎಫ್-1. ಬೆಳವಣಿಗೆ ಹಾರ್ಮೋನ್ ಹೇಳಿದಂತೆ ಯಕೃತ್ತು ತಯಾರಿಸುವ ಈ ಪ್ರೋಟೀನ್ ದಿನವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹಾರ್ಮೋನ್ ವಾರಗಟ್ಟಲೆ ನಿಜವಾಗಿ ಹೆಚ್ಚಿದ್ದರೆ ಇಲ್ಲಿ ಗೊತ್ತಾಗಲೇಬೇಕು. ಹಾಗೆಂದು ಇದೂ ಅಲುಗಾಡದ ಸಂಖ್ಯೆಯಲ್ಲ. ಒಬ್ಬನೇ ವ್ಯಕ್ತಿಯ ಅಳತೆಯಲ್ಲಿ ಶೇ. 12ರಷ್ಟು ಸಹಜ ಏರಿಳಿತ ಇದೆ ಎಂದಿಟ್ಟುಕೊಳ್ಳಿ. ಎರಡು ಅಳತೆಗಳ ವ್ಯತ್ಯಾಸದಲ್ಲಿ ಅದು ಸುಮಾರು ಶೇ. 17 ಆಗುತ್ತದೆ. ಹಾಗಾಗಿ ಒಬ್ಬರಲ್ಲಿ ಅದರ ಎರಡು ಪಟ್ಟಿಗಿಂತ, ಅಂದರೆ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಏರಿದ್ದರೆ ಅದು ಪುಡಿಯ ಗುಣವೇ ಎಂದು ಹೇಳಲಾಗದು. ಪುಡಿಯ ಗುಂಪು, ಹುಸಿ ಔಷಧದ ಗುಂಪು ಎರಡರ ನಡುವೆ ಶೇ. 10ರ ವ್ಯತ್ಯಾಸ ಹಿಡಿಯಬೇಕಾದರೆ ಗುಂಪಿಗೆ 46 ಮಂದಿ ಬೇಕು. ನಡುವೆ ಬಿಡುವವರನ್ನೂ ಲೆಕ್ಕಹಾಕಿ 55 ಸೇರಿಸಿಕೊಳ್ಳಿ. ಆರು ತಿಂಗಳ ಪರೀಕ್ಷೆಯ ಆರಂಭದಲ್ಲೂ ಕೊನೆಯಲ್ಲೂ ಒಂದು ವಾರದ ಅಂತರದಲ್ಲಿ ಎರಡೆರಡು ಸಲ ರಕ್ತ ತೆಗೆದು ಸರಾಸರಿ ಹಿಡಿದರೆ ಈ ಏರಿಳಿತದ ಪ್ರಭಾವ ತಗ್ಗುತ್ತದೆ. ಐಜಿಎಫ್-1 ಕಡಿಮೆ ಇರುವವರನ್ನೇ ಆರಿಸಿಕೊಳ್ಳುವ ಆಸೆ ಬರುತ್ತದೆ. ಒಂದು ಸಲದ ಅಳತೆ ನೋಡಿ ಹಾಗೆ ಆರಿಸಿದರೆ ಎರಡನೇ ಅಳತೆಯಲ್ಲಿ ಗುಂಪಿನ ಸರಾಸರಿ ತಾನಾಗಿಯೇ ಮೇಲೇರುತ್ತದೆ. ಹುಸಿ ಔಷಧದ ಗುಂಪಿಲ್ಲದಿದ್ದರೆ ಆ ಏರಿಕೆಯ ಕೀರ್ತಿ ನಿಮ್ಮ ಪುಡಿಗೆ ಹೋಗುತ್ತದೆ.

ಹೊಸಬರು ಬಹಳಷ್ಟು ಎಡವುವುದು ಹುಸಿ ಔಷಧದಲ್ಲೇ. ಕೈಗೆ ಸುಲಭವಾಗಿ ಸಿಗುತ್ತದೆಂದು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ತುಂಬುತ್ತಾರೆ. ಪುಡಿಯ ರೂಪದಲ್ಲಿ ಗ್ರಾಂಗಟ್ಟಲೆ ಕೊಟ್ಟಾಗ ಅದು ಗ್ಲೂಕೋಸ್ ಆಗಿ ಬೆಳವಣಿಗೆ ಹಾರ್ಮೋನನ್ನು ಅದುಮುತ್ತದೆ. ಹೋಲಿಕೆಯ ಗುಂಪು ತಗ್ಗಿದ್ದಕ್ಕೆ ನಿಮ್ಮ ಉತ್ಪನ್ನ ಗೆದ್ದಂತೆ ಕಾಣುತ್ತದೆ. ಇನ್ನು ಕೆಲವರು ವೇ ಪ್ರೋಟೀನೋ ಗ್ಲೈಸೀನೋ ಹಾಕುತ್ತಾರೆ. ಅವು ಹಾರ್ಮೋನನ್ನು ಏರಿಸಬಲ್ಲವು, ಆಗ ತಪ್ಪು ಎದುರು ದಿಕ್ಕಿಗೆ ಹೋಗುತ್ತದೆ. ಜೀರ್ಣವಾಗದ ಸಸ್ಯನಾರಿನ ಪುಡಿಯಾದ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಬಳಸಿ. ಆರ್ಜಿನೀನ್ ಕಹಿ, ಅಸಿಟೈಲ್ ಸಿಸ್ಟೀನ್ ಸೇರಿಸಿದ್ದರೆ ಗಂಧಕದ ವಾಸನೆ. ನೀರಿಗೆ ಕದಡಿ ಕೊಟ್ಟರೆ ಮೊದಲ ಗುಟುಕಿಗೇ ಗುಟ್ಟು ರಟ್ಟಾಗುತ್ತದೆ. ಅಪಾರದರ್ಶಕ ಕ್ಯಾಪ್ಸೂಲಿಗೆ ತುಂಬಿ. ಮೂರು ಗ್ರಾಂಗೆ ನಾಲ್ಕೈದು ದೊಡ್ಡ ಕ್ಯಾಪ್ಸೂಲ್ ಬೇಕಾದೀತು. ಕೊನೆಯಲ್ಲಿ ‘ನಿಮಗೆ ಸಿಕ್ಕಿದ್ದು ಯಾವುದು ಅನ್ನಿಸುತ್ತದೆ?’ ಎಂದು ಪ್ರತಿಯೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ತಕ್ಷಣದ ಪರಿಣಾಮವನ್ನೂ ತೋರಿಸಲೇಬೇಕೆಂದಿದ್ದರೆ ಕ್ರಮ ಹೀಗಿರಲಿ. ರಾತ್ರಿಯಿಂದ 10–12 ಗಂಟೆ ಏನೂ ತಿಂದಿರಬಾರದು, ಹಿಂದಿನ ದಿನ ಬಿರುಸಿನ ವ್ಯಾಯಾಮ ಬೇಡ. ಬೆಳಿಗ್ಗೆ ಕೈಗೆ ಕ್ಯಾನುಲಾ (ಮತ್ತೆ ಮತ್ತೆ ಚುಚ್ಚದೆ ರಕ್ತ ತೆಗೆಯಲು ರಕ್ತನಾಳದಲ್ಲಿಡುವ ಸಣ್ಣ ಕೊಳವೆ) ಹಾಕಿ ಒಂದು ಗಂಟೆ ಸುಮ್ಮನೆ ಮಲಗಿಸಿ. ಸೂಜಿ ಚುಚ್ಚಿದ ಗಾಬರಿಗೇ ಹಾರ್ಮೋನ್ ಏರುವುದುಂಟು. ಆಮೇಲೆ ಆರಂಭದ ಎರಡು ಮಾದರಿ, ಡೋಸ್, ಪ್ರತಿ 20 ನಿಮಿಷಕ್ಕೊಂದರಂತೆ ನಾಲ್ಕು ಗಂಟೆ ಮಾದರಿ. ನಿದ್ದೆ ಹೋಗಲು ಬಿಡಬೇಡಿ. ಒಂದು ವಾರ ಬಿಟ್ಟು ಅದೇ ವ್ಯಕ್ತಿಗೆ ಇನ್ನೊಂದು ಬಗೆಯ ಕ್ಯಾಪ್ಸೂಲ್ (ಮೊದಲು ಪುಡಿ ಸಿಕ್ಕಿದ್ದರೆ ಹುಸಿ, ಹುಸಿ ಸಿಕ್ಕಿದ್ದರೆ ಪುಡಿ), ಅದೇ ಹೊತ್ತಿಗೆ. ಗರಿಷ್ಠ ಮಟ್ಟ ಹಿಡಿದು ಜಂಬ ಪಡದೆ ಮಟ್ಟದ ಏರಿಳಿತದ ನಕ್ಷೆಯಲ್ಲಿ ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣವನ್ನು, ಅಂದರೆ ನಾಲ್ಕು ಗಂಟೆಯ ಒಟ್ಟು ಹಾರ್ಮೋನನ್ನು ಹೋಲಿಸಿ. ಒಬ್ಬರ ಎಲ್ಲ ಮಾದರಿಗಳನ್ನೂ ಘನೀಕರಿಸಿಟ್ಟು ಒಂದೇ ಕಿಟ್‌ನಲ್ಲಿ, ಒಂದೇ ಸುತ್ತಿನಲ್ಲಿ ಪರೀಕ್ಷಿಸಬೇಕು.

ಬಯೋಟಿನ್ ಎಂಬ ಬಿ ವಿಟಮಿನ್ ಬಗ್ಗೆ ಎಚ್ಚರ. ಕೂದಲು, ಉಗುರಿಗೆಂದು ದಿನಕ್ಕೆ 5–10 ಮಿಲಿಗ್ರಾಂ ನುಂಗುವವರು ಬಹಳ ಮಂದಿ. ಹಾರ್ಮೋನ್ ಅಳೆಯುವಾಗ ಬಯೋಟಿನ್ ಅನ್ನೇ ಅಂಟಿನಂತೆ ಬಳಸುವ (ಸ್ಟ್ರೆಪ್ಟಾವಿಡಿನ್–ಬಯೋಟಿನ್ ತತ್ತ್ವದ) ಸ್ಯಾಂಡ್‌ವಿಚ್ ಕಿಟ್‌ಗಳಲ್ಲಿ ಅದು ಫಲಿತಾಂಶವನ್ನು ಸುಳ್ಳಾಗಿ ತಗ್ಗಿಸುತ್ತದೆ. ಮೂರು ದಿನ ಮೊದಲೇ ನಿಲ್ಲಿಸಿ. ಮಾತ್ರೆಯಾಗಿ ಈಸ್ಟ್ರೋಜನ್ ತೆಗೆದುಕೊಳ್ಳುವವರು, ಯಕೃತ್ತಿನ ಕಾಯಿಲೆಯವರು, ಹತೋಟಿಯಿಲ್ಲದ ಮಧುಮೇಹಿಗಳಲ್ಲಿ ಐಜಿಎಫ್-1 ಹೇಗೂ ಕಡಿಮೆ, ಅವರನ್ನು ಹೊರಗಿಡಿ. ಕೆಲವು ದಿನಗಳ ಉಪವಾಸ ಬೆಳವಣಿಗೆ ಹಾರ್ಮೋನನ್ನು ಏರಿಸಿ ಐಜಿಎಫ್-1 ಅನ್ನು ಇಳಿಸುತ್ತದೆ. ಆದ್ದರಿಂದ ನಮ್ಮಲ್ಲಿ ಶ್ರಾವಣ, ನವರಾತ್ರಿ, ರಂಜಾನ್ ದಿನಗಳಲ್ಲಿ ರಕ್ತ ತೆಗೆಯುವ ದಿನ ಬೀಳದಂತೆ ನೋಡಿಕೊಳ್ಳಿ.

ಸುರಕ್ಷತೆಯ ಮಾತನ್ನು ಕೊನೆಯ ಪುಟಕ್ಕೆ ತಳ್ಳಬೇಡಿ. ಹೃದಯಾಘಾತವಾದವರಿಗೆ ದಿನಕ್ಕೆ 9 ಗ್ರಾಂ ಆರ್ಜಿನೀನ್ ಕೊಟ್ಟ ಒಂದು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು; ಆರ್ಜಿನೀನ್ ಗುಂಪಿನಲ್ಲಿ ಆರು ಸಾವು, ಹುಸಿ ಔಷಧದ ಗುಂಪಿನಲ್ಲಿ ಒಂದೂ ಇಲ್ಲ. ಅದರ ವರದಿ ಬಂದದ್ದು 2006ರಲ್ಲಿ. ಹೃದಯಾಘಾತವಾದವರು, ಕ್ಯಾನ್ಸರ್ ಇರುವವರು ನಿಮ್ಮ ಪಟ್ಟಿಯಲ್ಲಿ ಇರಬಾರದು. ಪುಡಿ ನಿಜಕ್ಕೂ ಕೆಲಸ ಮಾಡಿದರೆ ತೊಂದರೆ ಇನ್ನೊಂದು ಬಗೆಯದು: ಕಾಲು ಊತ, ಕೀಲು ನೋವು, ಕೈಬೆರಳು ಜೋಮು, ಸಕ್ಕರೆ ಏರಿಕೆ. ಖಾಲಿಹೊಟ್ಟೆಯ ಸಕ್ಕರೆ ಮತ್ತು ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಎರಡನ್ನೂ ನೋಡುತ್ತಿರಿ.

ರಕ್ತದ ಸಂಖ್ಯೆ ಏರಿತು ಎಂದೇ ಇಟ್ಟುಕೊಳ್ಳೋಣ. ಮುದುಕರಿಗೆ ಲಾಭವೇನು? ಬೆಳವಣಿಗೆ ಹಾರ್ಮೋನ್ ಬಿಡುಗಡೆ ಮಾಡಿಸುವ ಐಬ್ಯುಟಮೊರೆನ್ ಎಂಬ ಪ್ರಾಯೋಗಿಕ ಔಷಧವನ್ನು 60–81 ವಯಸ್ಸಿನ 65 ಮಂದಿಯಲ್ಲಿ ದಿನಕ್ಕೆ 25 ಮಿಲಿಗ್ರಾಂನಂತೆ ಪರೀಕ್ಷಿಸಿದಾಗ ಹಾರ್ಮೋನ್ ಯೌವನದ ಮಟ್ಟಕ್ಕೇ ಏರಿತು, ಕೊಬ್ಬಿಲ್ಲದ ತೂಕವೂ ಕಿಲೋದಷ್ಟು ಹೆಚ್ಚಿತು. ಬಲ ಮಾತ್ರ ಹೆಚ್ಚಲಿಲ್ಲ, ಸಕ್ಕರೆ ಏರಿತು. ಕೊಬ್ಬು, ಸ್ನಾಯು ಅಳೆಯುವ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನ್‌ನಲ್ಲಿ ದೇಹದಲ್ಲಿ ನಿಂತ ನೀರೂ ಸ್ನಾಯುವಿನಂತೆಯೇ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಹಾಗಾಗಿ ಹಿಡಿತದ ಬಲ, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹಿಡಿಯುವ ಸಮಯ, ಆರು ನಿಮಿಷದ ನಡಿಗೆ, ಇವು ಆರಂಭದಲ್ಲೂ ಆರು ತಿಂಗಳ ಕೊನೆಯಲ್ಲೂ ಬೇಕು.

ಇದೇ ಐಬ್ಯುಟಮೊರೆನ್ ಕಲಬೆರಕೆಯಾಗಿಯೂ ಬರಬಹುದು. ಕಚ್ಚಾ ಪುಡಿ ಹೊರಗಿನಿಂದ ತರಿಸಿದ್ದರೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ, ಬೆರೆತ ರಾಸಾಯನಿಕಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆ ಮಾಡಿಸಿ, ಮೂರು ಬ್ಯಾಚ್‌ಗಳಲ್ಲಿ ಅಮೈನೋ ಆಮ್ಲಗಳ ನಿಜ ಪ್ರಮಾಣವನ್ನೂ ಅಳೆಸಿ. ನೈತಿಕ ಸಮಿತಿಯ ಒಪ್ಪಿಗೆ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ ಎರಡೂ ಮೊದಲ ವ್ಯಕ್ತಿ ಸೇರುವ ಮುನ್ನವೇ ಆಗಬೇಕು. ಆಮೇಲೆ ಹೋದರೆ ಸಿಟಿಆರ್‌ಐ ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿರುವ ಹಣಕ್ಕೆ ಒಂದೇ ಪರೀಕ್ಷೆ ಸಾಧ್ಯವೆಂದಾದರೆ ಕ್ಯಾನುಲಾ ಕೆಲಸವನ್ನು ಪೂರ್ತಿ ಕೈಬಿಟ್ಟು ಆರು ತಿಂಗಳ ಐಜಿಎಫ್-1 ಮತ್ತು ಬಲದ ಪರೀಕ್ಷೆಗೇ ಎಲ್ಲವನ್ನೂ ಹಾಕಿ.